ಬಾಣಂತಿಯ ಬಾಗಿಲಿಗೆ ಅಂಟಿದ ಹಸಿರು ಚೀಟಿ

ಉಸಿರು ಸಮೀಕ್ಷೆಯ ಮಾನ್ಯ ನಿರ್ದೇಶಕರೇ,

ತಾವು ಒಂದು ಬಾಗಿಲಿಗೆ ಕ್ಷಯರೋಗ ಇಲ್ಲ ಎಂದು ಸರ್ಟಿಫಿಕೇಟ್ ಕೊಟ್ಟಿದ್ದೀರಿ. ಬಾಗಿಲಿಗೆ ಕ್ಷಯ ಇಲ್ಲ, ನಾನೂ ಒಪ್ಪುತ್ತೇನೆ. ತೇಗದ ಬಾಗಿಲು, ಅದಕ್ಕೆ ಗೆದ್ದಲು ಕೂಡ ಹಿಡಿದಿಲ್ಲ. ಆದರೆ ಅದರ ಹಿಂದೆ ಗಂಗಾ ಎಂಬ ಬಾಣಂತಿ ಎಳೆ ಮಗುವನ್ನು ಎದೆಗೆ ಹಾಕಿಕೊಂಡು ಕೆಮ್ಮುತ್ತಾ ಮಲಗಿದ್ದಾಳೆ. ನಿಮ್ಮ ಯಾವ ಯಂತ್ರವೂ ಅವಳನ್ನು ನೋಡಿಲ್ಲ, ನಿಮ್ಮ ಯಾವ ಡಾಕ್ಟರೂ ಅವಳ ಕೈ ಹಿಡಿದಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರೆ ಅವಳ ಅತ್ತೆ ನಿಮ್ಮ ಹಸಿರು ಚೀಟಿಯ ಕಡೆ ಬೆರಳು ತೋರಿಸುತ್ತಾಳೆ. ಅವರ ಕಟ್ಟಡದ ಕೆಲಸ ಮುಗಿಯುತ್ತಾ ಬಂದಿದೆ, ಬರುವ ಭಾನುವಾರ ಅವರೆಲ್ಲ ಇಲ್ಲಿಂದ ಜಾಗ ಖಾಲಿ ಮಾಡುತ್ತಾರೆ. ಅಷ್ಟರೊಳಗೆ ತಾವು ಬರಬೇಕು. ನಿಮ್ಮ ಸಿಬ್ಬಂದಿ ಬಂದರೆ ಸಾಲದು, ತಾವೇ ಬರಬೇಕು. ಯಾಕೆ ಎಂದು ಹೇಳುವುದಕ್ಕೇ ಈ ಪತ್ರ. ನಿಮ್ಮ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಲಿಲ್ಲ, ಅದಕ್ಕೆ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ.

ನಾನು ಶಿವಾಜಿನಗರದ ಒಂದು ಹಳೆ ಬಾಗಿಲು ಕಿಟಕಿ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಕುಕ್ ಟೌನ್, ಹಲಸೂರು, ಇಂದಿರಾನಗರದ ಕಡೆ ಯಾರಾದರೂ ಹಳೆ ಬಂಗಲೆ ಒಡೆಸಿದರೆ ಅದರ ಬಾಗಿಲು, ಕಿಟಕಿ, ಮೆಟ್ಟಿಲಿನ ಕಟಕಟೆ ಎಲ್ಲವೂ ನಮ್ಮ ಅಂಗಡಿಗೆ ಬಂದು ಬೀಳುತ್ತವೆ. ಓದಿದ್ದು ಹತ್ತನೇ ಕ್ಲಾಸಿನವರೆಗೆ. ಮನೆ ಇರುವುದು ಕೆ.ಆರ್. ಪುರಂ ಆಚೆ ಕುಂಟೆಪಾಳ್ಯದಲ್ಲಿ. ಹೆಸರಿಗೆ ಊರು, ನಾಲ್ಕೂ ಕಡೆ ಅಪಾರ್ಟ್‌ಮೆಂಟು. ನಮ್ಮ ಮನೆಯ ಹಿಂದಿನ ಖಾಲಿ ಜಾಗದಲ್ಲಿ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳಿವೆ. ಅಪಾರ್ಟ್‌ಮೆಂಟಿನವರಿಗೆ ಅದು ಬಾಲ್ಕನಿಯಿಂದ ಕಾಣುವ ಒಂದು ತೊಂದರೆ. ನಮಗೆ ನೆರೆಮನೆ.

ನಾನು ಸರ್ಕಾರದ ಮಾತ್ರೆಗೆ ವಿರೋಧಿಯಲ್ಲ. ನಮ್ಮ ಅಜ್ಜಿ ಆಂಜನಮ್ಮನಿಗೆ ಟಿಬಿ ಬಂದಾಗ ಬೀದಿಯವರೆಲ್ಲ ಮುಗಿಯಿತು ಎಂದರು. ಸರ್ಕಾರಿ ಆಸ್ಪತ್ರೆಯ ಮಾತ್ರೆ ನುಂಗಿಯೇ ಅವಳು ಎದ್ದು ಕೂತಳು. ಇವತ್ತಿಗೂ ನನಗಿಂತ ಜೋರಾಗಿ ಬೈಯುತ್ತಾಳೆ. ಟಿಬಿಗೆ ಔಷಧಿ ಇದೆ, ಬಿಟ್ಟಿ ಸಿಗುತ್ತದೆ, ತಿಂದವರು ಬದುಕುತ್ತಾರೆ ಎನ್ನುವುದು ನನಗೆ ಪೋಸ್ಟರ್ ಓದಿ ಗೊತ್ತಾದದ್ದಲ್ಲ. ಅದಕ್ಕೇ ಗಂಗಾ ಕೆಮ್ಮುವ ಶಬ್ದ ನನ್ನನ್ನು ಕೂರಲು ಬಿಡುತ್ತಿಲ್ಲ. ಆ ಶಬ್ದ ನಾನು ನಮ್ಮ ಮನೆಯಲ್ಲಿ ಕೇಳಿದ್ದೇನೆ. ಅದು ಹೇಗೆ ಶುರುವಾಗುತ್ತದೆ, ಸುಮ್ಮನೆ ಬಿಟ್ಟರೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿದ್ದೇನೆ.

ನಿಮ್ಮ ಸಮೀಕ್ಷೆ ಬಂದ ದಿನ ನಮ್ಮ ಕಡೆ ಹಬ್ಬದ ಹಾಗಿತ್ತು. ಮೈಕು ಕಟ್ಟಿದ ವ್ಯಾನು ಕನ್ನಡ, ತಮಿಳು, ಉರ್ದು ಮೂರರಲ್ಲೂ ಕೂಗಿಕೊಂಡು ಬಂತು. 'ಶ್ವಾಸಕೋಶದ ಆರೋಗ್ಯ ಸಂರಕ್ಷಣೆಯಲ್ಲಿ ಸಮುದಾಯದ ಸಹಭಾಗಿತ್ವ' ಎಂದು ಕನ್ನಡದಲ್ಲಿ ಕೂಗಿದಾಗ ಶೆಡ್ಡಿನ ಬಾಲಮ್ಮ ನನ್ನನ್ನು ಕರೆದು ಕೇಳಿದಳು. ಬಾಲಮ್ಮ ಎಂದರೆ ಗಂಗಾಳ ಅತ್ತೆ.

"ತಮ್ಮಾ, ಏನ್ ಮಾರಾಕ ಬಂದಾರ ಇವ್ರು?"

"ಮಾರೋಕಲ್ಲಮ್ಮ, ಎದೆ ಚೆಕ್ ಮಾಡ್ತಾರಂತೆ. ಟಿಬಿ ಇದ್ಯಾ ಅಂತ."

ಅವಳು ವ್ಯಾನಿನ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ದಿಟ್ಟಿಸಿ ನೋಡಿ, "ನಾ ಎಲ್ಲೋ ಮಟನ್ ಅಂಗಡಿಯವ್ರು ಅಂತ ತಿಳ್ಕೊಂಡಿದ್ದೆ" ಎಂದಳು. ಎಲ್ಲರೂ ನಕ್ಕರು. ನಿಮ್ಮ ವ್ಯಾನಿನ ಡ್ರೈವರ್ ಕೂಡ ನಕ್ಕ.

ಶೆಡ್ಡುಗಳ ಸಮೀಕ್ಷೆ ವಹಿಸಿಕೊಂಡಿದ್ದವಳು ನಮ್ಮದೇ ಬೀದಿಯ ಭಾಗ್ಯಲಕ್ಷ್ಮಿ. ಅವಳ ಮೇಲೆ ನನಗೆ ದೂರಿಲ್ಲ, ತಾವೂ ಅವಳ ಮೇಲೆ ಹಾಕಬೇಡಿ. ಬಿಸಿಲಲ್ಲಿ ಹೆಸರು ತುಂಬಿಕೊಳ್ಳುವ ಟ್ಯಾಬ್ ಹಿಡಿದುಕೊಂಡು ಒಂದೊಂದು ಶೆಡ್ಡಿಗೂ ಬಗ್ಗಿ ಬಗ್ಗಿ ಹೋದಳು. ಎಲ್ಲರನ್ನೂ ಕೂರಿಸಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದಿಂದ ಎದೆಯ ಚಿತ್ರ ತೆಗೆಸಿದಳು. ಮನೆಮಂದಿಗೆಲ್ಲ ಪರೀಕ್ಷೆ ಆಗಿ ಏನೂ ಇಲ್ಲ ಎಂದಾದರೆ ಬಾಗಿಲಿಗೆ ಹಸಿರು ಚೀಟಿ. ಯಾರಾದರೂ ಮನೆಯಲ್ಲಿ ಇಲ್ಲದಿದ್ದರೆ ಹಳದಿ ಚೀಟಿ, ಅಂದರೆ ಇನ್ನೊಮ್ಮೆ ಬರಬೇಕು. ರೋಗ ಇದ್ದವರ ಮನೆಗೆ ಕೆಂಪು ಚೀಟಿ ಅಂಟಿಸಿ ಮಾನ ಕಳೆಯುವುದಿಲ್ಲ ಎಂದು ತಾವು ತೀರ್ಮಾನ ಮಾಡಿದ್ದಿರಂತೆ. ಒಳ್ಳೆಯ ಯೋಚನೆ. ಇಷ್ಟು ದೂರ ಯೋಚನೆ ಮಾಡಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಾಗಿಲು ಎನ್ನುವುದು ಎಲ್ಲರ ಮನೆಯಲ್ಲೂ ಒಂದೇ ಕಡೆ ನಿಂತಿರುತ್ತದೆಯೇ ಎಂದು ಯಾಕೆ ಕೇಳಿಕೊಳ್ಳಲಿಲ್ಲ?

ನಿಮ್ಮ ಮನೆಯ ಬಾಗಿಲು ತಾವು ಹುಟ್ಟಿದಾಗಿನಿಂದ ಅದೇ ಗೋಡೆಯಲ್ಲಿ ಇರಬಹುದು. ಇಲ್ಲಿ ಹಾಗಲ್ಲ. ಶೆಡ್ಡು ಎಂದರೆ ನಾಲ್ಕು ಕಂಬ, ಸುತ್ತ ತಗಡು. ಬಾಗಿಲು ಎಂದರೆ ಇನ್ನೊಂದು ತಗಡು, ಒಂದು ಕಡೆ ತಂತಿ ಸುತ್ತಿದ್ದು. ಇಡೀ ಜಾಗಕ್ಕೆ ನಿಜವಾದ ಬಾಗಿಲು ಇರುವುದು ಒಂದೇ. ಅದು ಬಸಣ್ಣನದು. ಇವರೆಲ್ಲರಿಗಿಂತ ಮೊದಲು ಈ ಊರಿಗೆ ಕೆಲಸಕ್ಕೆ ಬಂದವನು ಬಸಣ್ಣ, ಎಲ್ಲರಿಗೂ ಹಿರಿಯ. ಅವನು ಅದನ್ನು ನಮ್ಮ ಅಂಗಡಿಯಿಂದಲೇ ಕೊಂಡಿದ್ದು. ಕುಕ್ ಟೌನಿನ ಯಾವುದೋ ಬಂಗಲೆಯ ಮುಂಬಾಗಿಲು. ತೇಗದ ಹಲಗೆ, ಕೆಳಗಡೆ ಪೋಸ್ಟ್‌ಮ್ಯಾನ್ ಕಾಗದ ಹಾಕುವುದಕ್ಕೆ ಹಿತ್ತಾಳೆಯ ಕಂಡಿ. ತಗಡಿನ ಶೆಡ್ಡಿಗೆ ಅದನ್ನು ಕೂರಿಸಿದ ದಿನ ನಮ್ಮ ಸಾಹುಕಾರರು ಇನಾಯತ್ ಉಲ್ಲಾ ಅವರೇ ನೋಡಲು ಬಂದಿದ್ದರು. "ಏನ್ ಬಸಣ್ಣ, ಬಾಗ್ಲು ಬಂಗ್ಲೆದು, ಮನೆ ನಿಮ್ದು ಪಾರಿವಾಳದ್ದು" ಎಂದು ರೇಗಿಸಿದರು. ಬಸಣ್ಣ, "ಮೊದ್ಲು ಬಾಗ್ಲಾ ಬರ್ಲಿ ಸಾಬ್ರ, ಮನಿ ಹಿಂದ ಬರ್ತದ" ಎಂದ.

ಆ ಬಾಗಿಲು ಬಸಣ್ಣನ ಶೆಡ್ಡಿನಲ್ಲಿ ಇರುವುದು ಯಾರ ಮನೆಯಲ್ಲೂ ಬಾಣಂತಿ ಇಲ್ಲದ ದಿನಗಳಲ್ಲಿ ಮಾತ್ರ. ಯಾವ ಶೆಡ್ಡಿಗೆ ಹಸಿ ಬಾಣಂತಿ ಬರುತ್ತಾಳೋ ಆ ಶೆಡ್ಡಿಗೆ ಅದನ್ನು ಕಿತ್ತುಕೊಂಡು ಹೋಗಿ ಕೂರಿಸುತ್ತಾರೆ. ಗಾಳಿ ಒಳಗೆ ಬರಬಾರದು, ನಾಯಿ ನುಗ್ಗಬಾರದು, ಎಣ್ಣೆ ನೀರು ಹಾಕುವಾಗ ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು. ಆ ಮನೆಯ ತಗಡು ಅಷ್ಟು ದಿನ ಬಸಣ್ಣನ ಶೆಡ್ಡಿಗೆ. ಯಾರೂ ಇದನ್ನು ಉಪಕಾರ ಎಂದು ಹೇಳುವುದಿಲ್ಲ, ಬಾಣಂತಿ ಬಾಗಿಲು ಎನ್ನುತ್ತಾರೆ ಅಷ್ಟೆ. ಈ ಸಲ ಅದನ್ನು ಬಸಣ್ಣನ ಶೆಡ್ಡಿನಿಂದ ಭೀಮುವಿನ ಶೆಡ್ಡಿಗೆ ಹೊತ್ತವರಲ್ಲಿ ನಾನೂ ಒಬ್ಬ. ಭೀಮು ಎಂದರೆ ಬಾಲಮ್ಮನ ಮಗ, ಗಂಗಾಳ ಗಂಡ.

ಈಗ ತಾವೇ ಲೆಕ್ಕ ಹಾಕಿ. ನಿಮ್ಮವರು ಮೊದಲನೇ ಸಲ ಬಂದಾಗ ಗಂಗಾ ಹೆರಿಗೆಗೆ ಆಸ್ಪತ್ರೆಯಲ್ಲಿದ್ದಳು. ಬಸಣ್ಣನ ಮನೆಯವರು ಎಲ್ಲರೂ ಇದ್ದರು, ಎಲ್ಲರೂ ಗಟ್ಟಿಮುಟ್ಟಾಗಿದ್ದರು, ತೇಗದ ಬಾಗಿಲಿಗೆ ಹಸಿರು ಬಿತ್ತು. ಭೀಮುವಿನ ತಗಡಿಗೆ ಹಳದಿ ಬಿತ್ತು, 'ಹೆಂಗಸು ಒಬ್ಬರು ಬಾಕಿ' ಎಂದು. ಗಂಗಾ ಮಗು ಎತ್ತಿಕೊಂಡು ಬಂದಳು. ಬಾಗಿಲುಗಳು ಅದಲುಬದಲಾದವು, ಚೀಟಿಗಳೂ ಜೊತೆಗೆ ಹೋದವು. ಎರಡನೇ ಸುತ್ತಿಗೆ ಬಂದವರು ಹಳದಿ ಚೀಟಿ ಹುಡುಕಿಕೊಂಡು ನೇರ ಬಸಣ್ಣನ ಶೆಡ್ಡಿಗೆ ಹೋದರು.

"ಇಲ್ಲಿ ಒಬ್ರು ಹೆಂಗಸ್ರು ಬಾಕಿ ಇದ್ದಾರೆ" ಎಂದಳು ಭಾಗ್ಯಲಕ್ಷ್ಮಿ.

ಬಸಣ್ಣನ ಹೆಂಡತಿ ಅನ್ನ ಬಸಿಯುತ್ತಿದ್ದವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದಳು. "ನಾನ ಇರ್ಬೇಕು ತೊಗೋವಾ."

"ನಿಮ್ದು ಆವಾಗ್ಲೇ ಆಗಿತ್ತಲ್ವಾ?"

"ಆಗಿದ್ರ ಏನಾತು? ಇನ್ನೊಂದು ಫೋಟೊ ತೆಗಿ. ಹೋದ್ಸಲ ಕಣ್ಣು ಮುಚ್ಚಿದ್ದೆ."

ಎದೆಯ ಒಳಗಿನ ಚಿತ್ರಕ್ಕೆ ಕಣ್ಣು ಮುಚ್ಚಿದರೂ ನಡೆಯುತ್ತದೆ ಎಂದು ಹೇಳುವಷ್ಟು ಹೊತ್ತು ಭಾಗ್ಯಲಕ್ಷ್ಮಿಗೆ ಇರಲಿಲ್ಲ. ಸಂಜೆಯೊಳಗೆ ನಮ್ಮ ಊರನ್ನೆಲ್ಲ ಮುಗಿಸು ಎಂದು ಅವಳಿಗೆ ನಿಮ್ಮ ಕಚೇರಿಯ ಅಪ್ಪಣೆ. ಅದೇ ಹೆಂಗಸಿನ ಎದೆಯನ್ನು ಎರಡನೇ ಸಲ ತೆಗೆದರು. ಹಳದಿಯ ಮೇಲೆ ಹಸಿರು ಬಿತ್ತು. ಅಲ್ಲಿಂದ ಭೀಮುವಿನ ಶೆಡ್ಡಿಗೆ ಬಂದಳು. ಬಾಗಿಲಲ್ಲಿ ಹಸಿರು ಇತ್ತು. ಆದರೂ ಪಾಪ, ಬಾಲಮ್ಮನನ್ನು "ನಿಮ್ದೆಲ್ಲಾ ಆಗಿದ್ಯಾ?" ಎಂದು ಕೇಳಿದಳು. ಬಾಲಮ್ಮ ತನ್ನದನ್ನು ಮಾತ್ರ ಕೇಳಿದಳು ಎಂದುಕೊಂಡು "ಆಗ್ಯಾದ" ಎಂದಳು. ಒಳಗಿದ್ದವಳನ್ನು ಯಾರೂ ಕೇಳಲಿಲ್ಲ. ಬಾಣಂತಿ ಕೋಣೆಗೆ ಹೊರಗಿನವರು ಇಣುಕುವ ಪದ್ಧತಿ ಇಲ್ಲ. ಅಲ್ಲಿಗೆ ನಮ್ಮ ಜಾಗ ಪೂರ್ತಿ ಹಸಿರಾಯಿತು. ಬೆಂಗಳೂರಿನಲ್ಲಿ ಹಸಿರು ಎಲ್ಲಿ ಉಳಿದಿದೆ ಎಂದು ಕೇಳುವವರನ್ನು ಇನ್ನು ಮೇಲೆ ಕುಂಟೆಪಾಳ್ಯಕ್ಕೆ ಕಳಿಸಿಕೊಡಿ.

ಇಲ್ಲಿಯವರೆಗೆ ಆಗಿದ್ದು ತಪ್ಪು. ತಪ್ಪು ಯಾರಿಂದಲಾದರೂ ಆಗುತ್ತದೆ, ತಿದ್ದಬಹುದು. ಇದಾದ ಮೇಲೆ ತಾವು ಬಂದಿರಿ.

ತಮಗೆ ನೆನಪಿರಬಹುದು. ಹಿಂದೆ ಮುಂದೆ ಕಾರು, ಕ್ಯಾಮೆರಾದವರು. ಬಡಜನರ ಆರೋಗ್ಯದಲ್ಲಿ ಆದ ಬದಲಾವಣೆಗೆ ಒಂದು ಚಿತ್ರ ಬೇಕಿತ್ತು. ತಗಡಿನ ಶೆಡ್ಡುಗಳ ಮುಂದೆ ನಿಂತು ನೋಡಿದಿರಿ, ಯಾವುದೂ ಚಿತ್ರಕ್ಕೆ ಹೊಂದಲಿಲ್ಲ. ಆಮೇಲೆ ಕ್ಯಾಮೆರಾದವನು ತೇಗದ ಬಾಗಿಲು ನೋಡಿದ. "ಸರ್, ಇದು ಸೂಪರ್ ಆಗಿದೆ" ಎಂದ. ತಾವು ಆ ಬಾಗಿಲಿನ ಮೇಲೆ ಒಂದು ಕೈ, ಬಾಲಮ್ಮನ ಹೆಗಲ ಮೇಲೆ ಒಂದು ಕೈ ಇಟ್ಟು ನಿಂತಿರಿ. ನಿಮ್ಮಿಬ್ಬರ ನಡುವೆ ಹಸಿರು ಚೀಟಿ ಚೆನ್ನಾಗಿ ಕಾಣುತ್ತಿತ್ತು. ಕ್ಯಾಮೆರಾದವನು ಹಿಂದೆ ಸರಿಯುವಾಗ ಒಳಗಿನಿಂದ ಕೆಮ್ಮು ಕೇಳಿಸಿತು. ಒಂದು ಸಲ ಅಲ್ಲ, ತುಂಬ ಹೊತ್ತು. ನಾನು ಅಲ್ಲೇ ಜನರ ನಡುವೆ ಇದ್ದೆ. ತಾವು ಬಾಲಮ್ಮನನ್ನು ಕೇಳಿದಿರಿ.

"ಒಳಗೆ ಯಾರಮ್ಮ?"

"ಸೊಸಿ ರೀ. ಬಾಣಂತಿ. ಗಂಡು ಕೂಸು."

"ಓ, ಒಳ್ಳೇದು, ಒಳ್ಳೇದು. ಹೊಗೆ ಜಾಸ್ತಿ ಹಾಕಬೇಡಿ, ಅದಕ್ಕೇ ಕೆಮ್ಮು ಬರೋದು. ಗ್ಯಾಸ್ ತಗೊಳ್ಳಿ."

ಅಷ್ಟೇ. ಕಾರು ಹತ್ತಿದಿರಿ. ನಾನು ಅಡ್ಡ ಬಂದು ಮಾತಾಡಲು ನೋಡಿದೆ, ನಿಮ್ಮ ಜೊತೆ ಬಂದಿದ್ದ ಪೊಲೀಸಿನವರು "ಆಮೇಲೆ, ಆಮೇಲೆ" ಎಂದು ಪಕ್ಕಕ್ಕೆ ತಳ್ಳಿದರು. ಕ್ಷಯರೋಗ ಹುಡುಕುವುದಕ್ಕೆಂದೇ ಇರುವ ಸಮೀಕ್ಷೆಯ ಮುಖ್ಯಸ್ಥರು, ಒಂದು ಹಲಗೆಯ ಅಂತರದಲ್ಲಿ ನಿಂತು ಕೆಮ್ಮು ಕೇಳಿ, ಗ್ಯಾಸ್ ಕೊಳ್ಳಲು ಬುದ್ಧಿ ಹೇಳಿ ಹೊರಟುಹೋದಿರಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಪರೀಕ್ಷೆ ಮಾಡಿಸಿ ಎಂದು ನಿಮ್ಮದೇ ವ್ಯಾನು ಮೂರು ಭಾಷೆಯಲ್ಲಿ ಕೂಗುತ್ತದಲ್ಲ, ತಮಗೆ ಅರ್ಥವಾಗುವ ನಾಲ್ಕನೇ ಭಾಷೆ ಯಾವುದು?

ಆ ಚಿತ್ರ ಈಗ ಕೆ.ಆರ್. ಪುರಂ ತೂಗುಸೇತುವೆಯ ಹತ್ತಿರ ದೊಡ್ಡ ಹೋರ್ಡಿಂಗ್ ಆಗಿ ನಿಂತಿದೆ. 'ಹಸಿರಿದ್ದರೆ ಹೆದರಿಕೆಯಿಲ್ಲ' ಎಂದು ಕೆಳಗೆ ಬರೆದಿದೆ. ಬಾಲಮ್ಮ ಕೆಲಸ ಮುಗಿಸಿ ಬರುವಾಗ ಬಸ್ಸಿನಿಂದ ಒಂದು ಸ್ಟಾಪ್ ಮೊದಲೇ ಇಳಿದು ಅದನ್ನು ನೋಡಿಕೊಂಡು ನಡೆದು ಬರುತ್ತಾಳೆ. ಜೀವಮಾನದಲ್ಲಿ ಅವಳ ಮುಖವನ್ನು ಯಾರೂ ಅಷ್ಟು ದೊಡ್ಡದಾಗಿ ಮಾಡಿದವರಿಲ್ಲ. ಅವಳನ್ನು ನಾನು ಹೇಗೆ ಬೈಯಲಿ?

ಗಂಗಾಳ ಕೆಮ್ಮು ನಿಲ್ಲಲಿಲ್ಲ. ಸಂಜೆಯಾದರೆ ಜ್ವರ. ಬಾಣಂತಿ ಊಟ ಮಾಡಿದ ಮೈ ತುಂಬಿಕೊಳ್ಳಬೇಕು, ಇವಳ ಬಳೆ ಮೊಣಕೈವರೆಗೆ ಜಾರುತ್ತಿದೆ ಎಂದು ಭೀಮುವೇ ನನಗೆ ಹೇಳಿದ. ಕೆಂಡ, ಲೋಬಾನದ ಹೊಗೆ, ಗಾಳಿ ಆಡದ ಕೋಣೆ, ಇದ್ದುದರಲ್ಲಿ ಒಳ್ಳೆಯ ಬಾಗಿಲು ಬಿಗಿಯಾಗಿ ಮುಚ್ಚಿದ್ದು. ಆ ಕೋಣೆಯಲ್ಲಿ ಅವಳು ಉಸಿರು ಬಿಡುತ್ತಾಳೆ, ಮಗು ಅದೇ ಉಸಿರನ್ನು ಎಳೆದುಕೊಳ್ಳುತ್ತದೆ. ಬೇರೆ ಗಾಳಿ ಇಲ್ಲ.

ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ. ಬಾಗಿಲ ಮೇಲಿನ ಚೀಟಿಯ ಸಂಖ್ಯೆ ಹೇಳಿ ಎಂದರು, ಓದಿದೆ.

"ಬಸಣ್ಣ ಅವರ ಮನೆ. ಎಲ್ಲರೂ ನಾರ್ಮಲ್ ಇದ್ದಾರೆ ಸರ್, ಅಭಿನಂದನೆಗಳು."

"ಈ ಬಾಗಿಲ ಹಿಂದೆ ಬಸಣ್ಣ ಇಲ್ಲ ಮೇಡಂ. ಗಂಗಾ ಅಂತ ಇದ್ದಾರೆ. ಕೆಮ್ತಾ ಇದ್ದಾರೆ."

"ಆ ಹೆಸರು ಆ ಮನೇಲಿ ಇಲ್ಲ ಸರ್."

"ಅದಕ್ಕೇ ಫೋನ್ ಮಾಡಿರೋದು."

"ಹೆಸರು ಇದ್ರೆ ಮಾತ್ರ ನಾವು ಕಂಪ್ಲೇಂಟ್ ತಗೊಳ್ಳೋಕಾಗೋದು ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?"

ಆಮೇಲೆ ಇಂದಿರಾನಗರದ ನೂರಡಿ ರಸ್ತೆಯ ಒಳಗಡೆ ಇರುವ ನಿಮ್ಮ ಕಚೇರಿಗೇ ಹೋದೆ. ಹಳೆ ಬಂಗಲೆಯನ್ನು ಕಚೇರಿ ಮಾಡಿದ್ದೀರಿ. ಬಾಗಿಲು ಕಿತ್ತು ಗಾಜು ಹಾಕಿಸಿದ್ದೀರಿ, ಹತ್ತಿರ ಹೋದರೆ ತಾನೇ ತೆರೆಯುತ್ತದೆ. ತಾವು ಮೀಟಿಂಗಿನಲ್ಲಿ ಇದ್ದಿರಿ. ಮಧುಕರ್ ಎನ್ನುವ ನಿಮ್ಮ ನೌಕರರು ಸಿಕ್ಕಿದರು. ಗೋಡೆ ತುಂಬ ನಕ್ಷೆ. ಶಿವಾಜಿನಗರದಿಂದ ಕೆ.ಆರ್. ಪುರಂವರೆಗೆ, ಮಳೆ ಬಿದ್ದ ಮೇಲಿನ ಹುಲ್ಲಿನ ಹಾಗೆ ಹಸಿರು ಚುಕ್ಕೆ. ನಾನು ಹೇಳಿದ್ದನ್ನು ಕೇಳಿ ಅವರಿಗೆ ಮೊದಲು ನಗು ಬಂತು.

"ಏನ್ ಗುರು, ನಿಮ್ ಕಡೆ ಬಾಗಿಲು ವಾಕಿಂಗ್ ಹೋಗುತ್ತಾ?"

"ಹೋಗುತ್ತೆ ಸಾರ್. ನಾನೇ ಹೊತ್ಕೊಂಡ್ ಹೋಗಿದ್ದೀನಿ."

ಬಾಣಂತಿ ಬಾಗಿಲಿನ ವಿಷಯ ಬಿಡಿಸಿ ಹೇಳಿದೆ. ಅವರ ನಗು ನಿಧಾನವಾಗಿ ನಿಂತಿತು. ನಕ್ಷೆಯ ಕಡೆ ತಿರುಗಿದರು. "ಈ ಶೆಡ್ಡಿನವರು ಜಾಗ ಬದಲಾಯ್ಸಿದ್ರೆ ತಗಡಿನ ಶೀಟೂ ತಗೊಂಡ್ ಹೋಗ್ತಾರಾ?" ಎಂದು ಕೇಳಿದರು.

"ಬಿಟ್ ಹೋಗೋಕಾಗುತ್ತಾ ಸಾರ್? ಲಾರಿಗೆ ಒಟ್ಟಿಗೆ ಎತ್ತಿ ಹಾಕ್ತಾರೆ. ಇಳಿಸಿದಾಗ ಯಾವುದು ಯಾರ ಕೈಗೆ ಸಿಗುತ್ತೋ ಅದು ಅವರ ಬಾಗಿಲು."

"ಎಲ್ಲಾ ಕಡೆ ಶೆಡ್ಡಲ್ಲೂ ಹಿಂಗೇನಾ?"

"ತಗಡಿಗೆ ಸ್ವಂತ ಊರು ಯಾವುದಿದೆ ಸಾರ್?"

ಅವರು ನಕ್ಷೆಯ ಹಸಿರು ಚುಕ್ಕೆಗಳ ಮೇಲೆ ಒಂದೊಂದಾಗಿ ಬೆರಳು ಓಡಿಸಿದರು. ಕೊನೆಗೆ ದನಿ ತಗ್ಗಿಸಿ, "ವರದಿ ಪ್ರಿಂಟಿಗೆ ಹೋಗಿದೆ. ಮುಗಿದ ಏರಿಯಾ ಮತ್ತೆ ತೆರೀಬೇಕು ಅಂದ್ರೆ ಡೈರೆಕ್ಟರ್ ಸಾರೇ ಹೇಳ್ಬೇಕು. ನಾನು ಹೇಳ್ತೀನಿ, ಆದ್ರೆ ನಾನು ಹೇಳಿದ್ರೆ ಕೇಳಲ್ಲ" ಎಂದರು. ನನ್ನ ಅರ್ಜಿಯನ್ನು ತೆಗೆದುಕೊಂಡರು. ನನ್ನನ್ನು ಕಳಿಸಲು ಹೊರಗಿನವರೆಗೂ ಬಂದರು. ನಕ್ಷೆ ನೋಡಿದ ಮೇಲೆ ಆ ಮನುಷ್ಯನ ಮುಖದಲ್ಲಿ ಬಂದ ಬಣ್ಣವನ್ನು ತಾವು ನೋಡಿದ್ದರೆ ನನ್ನ ಪತ್ರ ಬೇಕಾಗುತ್ತಿರಲಿಲ್ಲ.

ಹಾಗಾದರೆ ನಾನೇ ಯಾಕೆ ಅವಳನ್ನು ಕರೆದುಕೊಂಡು ಹೋಗಲಿಲ್ಲ ಎಂದು ತಾವು ಕೇಳಬಹುದು. ನಮ್ಮ ಕಡೆಯ ಸರ್ಕಾರಿ ಆರೋಗ್ಯ ಕೇಂದ್ರದ ನರ್ಸಮ್ಮ, "ನಂಬರು ಗಿಂಬರು ಆಮೇಲೆ ನೋಡ್ಕೊಳೋಣ, ಮೊದ್ಲು ಅವಳನ್ನ ಕರ್ಕೊಂಡ್ ಬಾರಪ್ಪ, ಮಗೂನೂ ತಗೊಂಡ್ ಬಾ" ಎಂದರು. ಪರೀಕ್ಷೆಗೆ ಅಡ್ಡಿ ಇಲ್ಲ, ಔಷಧಿಗೆ ಅಡ್ಡಿ ಇಲ್ಲ, ಅಂಗಡಿಯ ಟೆಂಪೋ ಕೂಡ ಇತ್ತು. "ಬಾಗ್ಲು ಮಾರೋದು ನಮ್ದು ಕೆಲ್ಸ, ಬಾಗ್ಲು ಹಿಂದೆ ಯಾರಿದಾರೆ ನೋಡೋದು ಅಲ್ಲ" ಎಂದು ಗೊಣಗಿಕೊಂಡೇ ಇನಾಯತ್ ಸಾಹೇಬರು ಕೀ ಕೊಟ್ಟರು. ಬಾಲಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಎಲ್ಲಿಗೆ ಒಯ್ತಿ ಹಸಿ ಬಾಣಂತಿನ?"

"ಟೆಸ್ಟಿಗಮ್ಮ. ಟಿಬಿ ಇರ್ಬೋದು ಅನ್ಸುತ್ತೆ."

"ಬಾಯಾಗ ಹುಳ ಬೀಳ್ಲಿ. ನೀ ಡಾಕ್ಟ್ರೇನು? ದೊಡ್ಡ ಸಾಹೇಬ್ರು ಬಂದು ಇದಾ ಬಾಗ್ಲಾಗ ನಿಂತು, ಬಾಗ್ಲಾ ಮುಟ್ಟಿ ಫೋಟೊ ತೆಗಿಸ್ಕೊಂಡು ಹೋಗ್ಯಾರ. ರೋಗ ಇದ್ದಿದ್ರ ಅಂಥವ್ರು ಇಲ್ಲಿ ನಿಲ್ತಿದ್ರೇನು? ಅವ್ರೇ ಹೇಳ್ಯಾರ, ಹೊಗಿ ಕೆಮ್ಮು ಅಂತ."

ಮಾನ್ಯರೇ, ಇದಕ್ಕೆ ನಾನು ಏನು ಹೇಳಬೇಕಿತ್ತು? ಹತ್ತನೇ ಕ್ಲಾಸಿನವನ ಮಾತು ದೊಡ್ಡದೋ, ಹೋರ್ಡಿಂಗಿನ ಮೇಲಿರುವವರ ಮಾತು ದೊಡ್ಡದೋ? ಚೀಟಿ ತಪ್ಪು ಬಾಗಿಲಲ್ಲಿದೆ ಎಂದೆ. ಹಾಗಾದರೆ ಸಾಹೇಬರಿಗೆ ಗೊತ್ತಾಗಲಿಲ್ಲವೇ ಎಂದಳು. ಚೀಟಿ ಕೀಳಲು ಕೈ ಹಾಕಿದೆ, ಮಕ್ಕಳು ಮರಿ ಎಲ್ಲ ಸೇರಿ ಕೂಗಿದರು. ಬಾಣಂತಿ ಮನೆಯ ಮೇಲಿನ ಒಳ್ಳೆಯದನ್ನು ಕೀಳುವವನು ಎಂದು ನನ್ನನ್ನು ಆಚೆ ಕಳಿಸಿದರು. ಭೀಮು ತಲೆ ತಗ್ಗಿಸಿ ನಿಂತಿದ್ದ. ಸರ್ಕಾರದ ಮಾತನ್ನು ಬಡವರು ನಂಬುವುದಿಲ್ಲ, ಅವರಲ್ಲಿ ಅರಿವಿಲ್ಲ ಎಂದು ತಮ್ಮಂಥವರು ವೇದಿಕೆಯಲ್ಲಿ ಹೇಳುತ್ತೀರಿ. ನಮ್ಮವರು ನಂಬಿದ್ದಾರೆ ಸ್ವಾಮಿ. ಪೂರ್ತಿ ನಂಬಿದ್ದಾರೆ. ಈ ಹೆಂಗಸು ಸತ್ತರೆ ನಂಬಿಕೆಯಿಂದಲೇ ಸಾಯುತ್ತಾಳೆ.

ಮೊನ್ನೆ ಬಾಲಮ್ಮ ಕೆಲಸಕ್ಕೆ ಹೋದಾಗ ನಾನು ಆ ಬಾಗಿಲ ಹತ್ತಿರ ಹೋದೆ. ಭೀಮು ಜೊತೆಯಲ್ಲಿದ್ದ. ಒಳಗೆ ಹೋಗುವ ಹಾಗಿಲ್ಲ, ಆದ್ದರಿಂದ ಕಾಗದ ಹಾಕುವ ಕಂಡಿಯ ಹತ್ತಿರ ಕೂತು ಮಾತಾಡಿದೆ. ಗಂಗಾಳ ಮುಖ ಕಾಣಲಿಲ್ಲ. ಬೆರಳು ಕಂಡವು, ಹಿತ್ತಾಳೆಯ ಮುಚ್ಚಳವನ್ನು ಒಳಗಿನಿಂದ ಎತ್ತಿ ಹಿಡಿದಿದ್ದಳು.

"ಅಣ್ಣಾ, ನನಗೂ ಬರ್ಬೇಕಂತ ಅದ. ಅತ್ತಿ ಬ್ಯಾಡ ಅಂದ್ರ ಹ್ಯಾಂಗ್ ಬರ್ಲಿ?"

"ಅವತ್ತು ಸಾಹೇಬ್ರು ಬಂದಾಗ ಕೂಗಿ ಹೇಳ್ಬೇಕಿತ್ತಲ್ಲಮ್ಮ."

ಜಾರುತ್ತಿದ್ದ ಮುಚ್ಚಳವನ್ನು ಮತ್ತೆ ಎತ್ತಿ ಹಿಡಿದಳು. ಆಮೇಲೆ ಹೇಳಿದಳು. "ಗಂಡಸ್ರ ಮುಂದ ಬಾಣಂತಿ ಕೂಗ್ಬಾರ್ದು. ಈ ಕಂಡಿಯಾಗ ಅವ್ರ ಬೂಟು ಕಾಣ್ತಿತ್ತಣ್ಣ. ಹೊಳಿತಿತ್ತು. ಕೇಳ್ತಾರೇನೋ ಅಂತ ಬೇಕಂತಲೇ ಜೋರ್ ಕೆಮ್ಮಿದೆ. ಮತ್ತ ಕೆಮ್ಮಿದೆ. ಬೂಟು ತಿರುಗಿ ಹೋದ್ವು."

ಇದನ್ನು ತಮಗೆ ತಲುಪಿಸದೆ ನನಗೆ ಊಟ ಸೇರುತ್ತಿಲ್ಲ. ಕೂಗುವ ಹಾಗಿಲ್ಲದ ಹೆಂಗಸು ತನಗೆ ಬರುವ ಒಂದೇ ಭಾಷೆಯಲ್ಲಿ ತಮ್ಮನ್ನು ಕರೆದಿದ್ದಾಳೆ. ತಮ್ಮ ಸಂಶೋಧನೆಯಲ್ಲಿ ಅದಕ್ಕೆ ಏನಾದರೂ ಹೆಸರಿದೆಯೇ?

ನಿನ್ನೆಯಿಂದ ಮಗು ಹಾಲನ್ನು ಸರಿಯಾಗಿ ಎಳೆಯುತ್ತಿಲ್ಲವಂತೆ. ನೆಗಡಿ ಇರಬಹುದು, ಇಲ್ಲದಿರಬಹುದು. ಹೇಳುವುದಕ್ಕೆ ನಾನು ಡಾಕ್ಟರ್ ಅಲ್ಲ, ಬಾಲಮ್ಮ ಸರಿಯಾಗಿಯೇ ಹೇಳಿದಳು. ಇನ್ನೊಂದು ಶೆಡ್ಡಿನಲ್ಲಿ ಯಮುನಾ ಎಂಬವಳಿಗೆ ತಿಂಗಳು ತುಂಬುತ್ತಾ ಬಂದಿದೆ. ಹೊಸ ಜಾಗಕ್ಕೆ ಹೋದ ಮೇಲೆ ತೇಗದ ಬಾಗಿಲು ಅವಳ ಪಾಲಿಗೆ ಹೋಗುತ್ತದೆ, ಹಸಿರು ಚೀಟಿಯ ಸಮೇತ. ಗಂಗಾ ಯಾವುದೋ ಒಂದು ತಗಡಿನ ಹಿಂದೆ ಹೋಗುತ್ತಾಳೆ. ಅದರ ಮೇಲೂ ಹಸಿರೇ ಇರುತ್ತದೆ. ನೀವು ಬೇರೆ ಬಣ್ಣ ಉಳಿಸಿಲ್ಲವಲ್ಲ.

ನಾನು ಕೇಳುವುದು ವಿಚಾರಣೆಯಲ್ಲ, ಸಮಿತಿಯಲ್ಲ, ಯಾರನ್ನೂ ಕೆಲಸದಿಂದ ತೆಗೆಯುವುದಲ್ಲ. ಶನಿವಾರ ಸಂಜೆಯೊಳಗೆ ತಾವು ಕುಂಟೆಪಾಳ್ಯಕ್ಕೆ ಬನ್ನಿ. ಕ್ಯಾಮೆರಾ ಬೇಡ. ಬಾಲಮ್ಮ ಕೆಲಸದಿಂದ ಬಂದಿರುವ ಹೊತ್ತಿಗೆ ಬನ್ನಿ. ಅವಳ ಎದುರಿಗೆ ನಿಮ್ಮ ಕೈಯಿಂದಲೇ ಆ ಚೀಟಿ ಕಿತ್ತು, 'ನನಗೆ ತಿಳಿದಿರಲಿಲ್ಲ ತಾಯಿ, ನಾನು ಹೇಳಿದ್ದು ತಪ್ಪು, ಸೊಸೆಯನ್ನು ಪರೀಕ್ಷೆಗೆ ಕಳಿಸಿ' ಎಂದು ಹೇಳಿ. ಇಡೀ ಬೆಂಗಳೂರಿನಲ್ಲಿ ಈ ಮಾತಿಗೆ ಅವಳು ಬಾಗಿಲು ಬಿಡುವುದು ನಿಮ್ಮೊಬ್ಬರಿಗೆ ಮಾತ್ರ. ಆಮೇಲೆ, ಮುಗಿದಿದೆ ಎಂದು ಬರೆದುಕೊಂಡ ಶೆಡ್ಡುಗಳನ್ನೆಲ್ಲ ಮತ್ತೆ ತೆರೆಯಿರಿ, ಈ ಸಲ ಬಾಗಿಲನ್ನು ಬಿಟ್ಟು ಮನುಷ್ಯರನ್ನು ಎಣಿಸಿ. ಹೋರ್ಡಿಂಗ್ ಯಾವಾಗ ಇಳಿಸುತ್ತೀರೋ ನಿಮ್ಮ ಇಷ್ಟ. ಅದರಿಂದ ಯಾರೂ ಕೆಮ್ಮುವುದಿಲ್ಲ.

ಭೀಮುವನ್ನು ಕೇಳಿದ್ದೇನೆ. "ಅವ್ರು ಬಂದು ಒಂದ್ ಮಾತು ಅಂದ್ರ ಸಾಕು, ನಾನ ಎತ್ಕೊಂಡು ಓಡ್ತೀನಿ" ಎಂದಿದ್ದಾನೆ. ಟೆಂಪೋ ಕೀ ನನ್ನ ಜೇಬಿನಲ್ಲೇ ಇದೆ. ನರ್ಸಮ್ಮ ಶನಿವಾರ ರಾತ್ರಿಯಾದರೂ ಕೇಂದ್ರಕ್ಕೆ ಬರುತ್ತೇನೆ ಎಂದಿದ್ದಾರೆ. ಬರಬೇಕಾದವರು ತಾವೊಬ್ಬರೇ ಬಾಕಿ.

ಬರದಿದ್ದರೆ, ಆಮೇಲೆ ಯಾವತ್ತಾದರೂ ನಿಮ್ಮ ಕಚೇರಿಯವರು ಆ ಹೆಂಗಸು ಈಗ ಎಲ್ಲಿದ್ದಾಳೆ ಎಂದು ನನ್ನನ್ನು ಕೇಳಬೇಡಿ. ಹೊಸಕೋಟೆ ಆಚೆ ಎಂದು ಒಬ್ಬರು ಹೇಳುತ್ತಾರೆ, ದೇವನಹಳ್ಳಿ ಕಡೆ ಎಂದು ಇನ್ನೊಬ್ಬರು. ಹೋಗುವ ಜಾಗದ ಹೆಸರು ಅವರಿಗೇ ಗೊತ್ತಿರುವುದಿಲ್ಲ. ಎಲ್ಲರೂ ಲಾರಿ ಹತ್ತಿದ ಮೇಲೆ ಮೇಸ್ತ್ರಿ ಹೇಳುತ್ತಾನೆ.

ಇಂತಿ,
ತಮ್ಮ ಮಾತನ್ನು ಜನ ಇಷ್ಟೊಂದು ನಂಬದಿದ್ದರೆ ಒಳ್ಳೆಯದಿತ್ತು ಎಂದುಕೊಳ್ಳುತ್ತಿರುವ,
ಸೂರ್ಯ
ಕುಂಟೆಪಾಳ್ಯ, ಶೆಡ್ಡುಗಳ ಮುಂದಿನ ಮನೆ